ಎತ್ತರ ಕಡಿಮೆ ಇರುವ ಸವಾರರಿಗೆ ಬೈಕನ್ನು ಹೊಂದಿಸಿಕೊಳ್ಳುವ ಬಗೆ: ಕ್ಲಾಸಿಕ್ 350 ಮೇಲಿನ ಕೆಲಸದಿಂದ ಒಂದು ಸಮಗ್ರ ಮಾರ್ಗದರ್ಶಿ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು ನೆಲದಿಂದ 805 ಮಿ.ಮೀ. ಎತ್ತರದಲ್ಲಿದೆ, ಬೈಕಿನ ತೂಕ 195 ಕೆ.ಜಿ. ನನ್ನ ಎತ್ತರ 5 ಅಡಿ 2 ಅಂಗುಲ, ತೂಕ 54 ಕೆ.ಜಿ. ಮೊದಲ ಸಲ ಅದರ ಮೇಲೆ ಕುಳಿತಾಗ ಎರಡೂ ಕಾಲುಗಳ ಬೆರಳ ತುದಿಗಳಷ್ಟೇ ನೆಲಕ್ಕೆ ತಾಗಿದ್ದವು. ಜೊತೆಗಿದ್ದವರೆಲ್ಲ ಕೊಟ್ಟ ಸಲಹೆ ಒಂದೇ, ಶಾಕ್ ಇಳಿಸಿಬಿಡಿ ಎಂದು. ಈಗ ಅದೇ ಬೈಕಿನಲ್ಲಿ ಎಡಗಾಲನ್ನು ಗಟ್ಟಿಯಾಗಿ ಊರಿ ಸಿಗ್ನಲ್‌ಗಳಲ್ಲಿ ನಿಲ್ಲುತ್ತೇನೆ, ಆದರೆ ಶಾಕ್ ಅಬ್ಸಾರ್ಬರ್ ಮತ್ತು ಮುಂದಿನ ಫೋರ್ಕ್ ಎರಡೂ ಕಾರ್ಖಾನೆಯಿಂದ ಬಂದವೇ ಇವೆ. ಬೇಕಾಗಿದ್ದ ಎತ್ತರ ಬೇರೆ ಕಡೆ ಅಡಗಿತ್ತು: ಸ್ಪ್ರಿಂಗಿನ ಬಿಗಿತದಲ್ಲಿ ಒಂದಷ್ಟು, ಸೀಟಿನ ಅಗಲದಲ್ಲಿ ಇನ್ನಷ್ಟು, ಉಳಿದದ್ದು ನಾನು ನಿಲ್ಲುತ್ತಿದ್ದ ರೀತಿಯಲ್ಲಿ.

ಇಲ್ಲಿ ಹೇಳಿರುವ ಕ್ರಮ ಕ್ಲಾಸಿಕ್‌ಗೆ ಮಾತ್ರ ಸೀಮಿತವಲ್ಲ. 825 ಮಿ.ಮೀ. ಸೀಟಿನ ಹಿಮಾಲಯನ್ 450ಗೂ, 785 ಮಿ.ಮೀ. ಸೀಟಿನ ಸ್ಪ್ಲೆಂಡರ್‌ಗೂ ಇದೇ ಅನುಕ್ರಮ ಸಲ್ಲುತ್ತದೆ. ಒಂದು ನಿಯಮವನ್ನು ಮಾತ್ರ ಪಾಲಿಸಬೇಕು: ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು, ಪ್ರತಿ ಬದಲಾವಣೆಯ ಮೊದಲು ಮತ್ತು ನಂತರದ ಅಳತೆಯನ್ನು ಬರೆದಿಡಬೇಕು, ಮತ್ತು ಹಿಂದಕ್ಕೆ ತಿರುಗಿಸಲು ಬರುವ ಬದಲಾವಣೆಗಳನ್ನು ಮುಗಿಸದೆ, ತಿರುಗಿಸಲು ಬಾರದವನ್ನು ಮುಟ್ಟಬಾರದು.

ಎಷ್ಟು ಮುಟ್ಟಿದರೆ ಸಾಕು?

ಎರಡೂ ಪಾದಗಳು ಹಿಮ್ಮಡಿಯವರೆಗೆ ನೆಲಕ್ಕೆ ಕೂರಬೇಕು ಎಂದುಕೊಂಡು ಕೆಲಸ ಆರಂಭಿಸಿದರೆ ಅಗತ್ಯಕ್ಕಿಂತ ಹೆಚ್ಚು ಕತ್ತರಿಸಿ ಹಾಳು ಮಾಡುವುದೇ ಹೆಚ್ಚು. ಬೈಕು ನಿಲ್ಲುವಾಗ ಬಲಗಾಲು ಹಿಂದಿನ ಬ್ರೇಕಿನ ಮೇಲೆ ಇರಬೇಕು, ಎಡಗಾಲು ನೆಲದ ಮೇಲೆ ಇರಬೇಕು. ಆದ್ದರಿಂದ ನಮಗೆ ಬೇಕಾದದ್ದು ಒಂದು ಕಾಲಿನ ಭದ್ರತೆ. ಸೀಟಿನ ಮಧ್ಯದಲ್ಲಿ ಕುಳಿತಾಗ ಎರಡೂ ಪಾದಗಳ ಮುಂಭಾಗ, ಅಂದರೆ ಬೆರಳುಗಳ ಬುಡದ ದಪ್ಪ ಭಾಗ, ನೆಲಕ್ಕೆ ಕೂತರೆ ಮತ್ತು ಸೊಂಟವನ್ನು ಸ್ವಲ್ಪ ಎಡಕ್ಕೆ ಜರುಗಿಸಿದಾಗ ಎಡಪಾದ ಪೂರ್ತಿ ಊರಿದರೆ, ದಿನನಿತ್ಯದ ಓಡಾಟಕ್ಕೆ ಅಷ್ಟು ಸಾಕು.

ಮೊದಲು ಅಳತೆ

ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ, ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರವಿಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದರ ಬೆನ್ನು ಮೇಲಿರುವಂತೆ ಹಿಡಿದು ತೊಡೆಗಳ ಸಂದಿಗೆ, ಸೀಟಿನ ಮೇಲೆ ಕುಳಿತಾಗ ಆಗುವಷ್ಟೇ ಒತ್ತಡದಲ್ಲಿ, ಮೇಲಕ್ಕೆ ಒತ್ತಿ, ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಅಂತರವನ್ನು ಬೇರೊಬ್ಬರಿಂದ ದರ್ಜಿಯ ಟೇಪಿನಲ್ಲಿ ಅಳೆಸಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಇದು ನಿಮ್ಮ ಒಳಗಾಲಿನ ಅಳತೆ. ನನ್ನದು 72 ಸೆಂ.ಮೀ.

ಈ ಸಂಖ್ಯೆಯನ್ನು ನೇರವಾಗಿ ಸೀಟಿನ ಎತ್ತರಕ್ಕೆ ಹೋಲಿಸಿ ಕೈಚೆಲ್ಲಬೇಡಿ. ಕಂಪನಿ ಹೇಳುವ ಎತ್ತರ ಸಾಮಾನ್ಯವಾಗಿ ಯಾರೂ ಕುಳಿತಿಲ್ಲದ ಬೈಕಿನದು. ನೀವು ಕುಳಿತಾಗ ಸ್ಪ್ರಿಂಗು ಇಳಿಯುತ್ತದೆ, ಸ್ಪಂಜು ಅದುಮಿಕೊಳ್ಳುತ್ತದೆ. ಬೂಟಿನ ತಳ ಎರಡು ಮೂರು ಸೆಂ.ಮೀ. ಸೇರಿಸುತ್ತದೆ. ಇನ್ನೊಂದೆಡೆ, ಸೀಟಿನ ಅಗಲ ಕಾಲುಗಳನ್ನು ಅಗಲಿಸಿ ನಿಮ್ಮಿಂದ ಎತ್ತರವನ್ನು ಕಿತ್ತುಕೊಳ್ಳುತ್ತದೆ. ಇದರ ಲೆಕ್ಕ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ. 72 ಸೆಂ.ಮೀ. ಕಾಲು ದೇಹದ ಮಧ್ಯರೇಖೆಯಿಂದ 25 ಸೆಂ.ಮೀ. ಹೊರಗೆ ಊರಿದರೆ ಅದರ ನೇರ ಎತ್ತರ 67.5 ಸೆಂ.ಮೀ.ಗೆ ಇಳಿಯುತ್ತದೆ, ಪಾದ ಬೀಳುವ ಜಾಗ 20 ಸೆಂ.ಮೀ.ಗೆ ಒಳಬಂದರೆ 69 ಸೆಂ.ಮೀ. ದಾಟುತ್ತದೆ. ಸೀಟನ್ನು ಒಂದಿಷ್ಟೂ ತಗ್ಗಿಸದೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಲಾಭ. ತೆಳ್ಳನೆಯ ಸೀಟಿನ ಎತ್ತರದ ಬೈಕು, ಅಗಲ ಸೀಟಿನ ತಗ್ಗು ಬೈಕಿಗಿಂತ ಕೆಲವೊಮ್ಮೆ ಹತ್ತಿರ ಅನಿಸುವುದಕ್ಕೆ ಇದೇ ಕಾರಣ.

ನಂತರ ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು ಬೈಕಿನ ಮೇಲೆ ಕುಳಿತುಕೊಳ್ಳಿ. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದು ಬೈಕನ್ನು ನೆಟ್ಟಗೆ ನಿಲ್ಲಿಸಿರಲಿ. ಕಾಲನ್ನು ಸಡಿಲವಾಗಿ ಬಿಟ್ಟು, ಹಿಮ್ಮಡಿಗೂ ನೆಲಕ್ಕೂ ಇರುವ ಅಂತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಹಿಮ್ಮಡಿಯ ಕೆಳಗೆ ಒಂದರ ಮೇಲೊಂದು ನೋಟ್‌ಬುಕ್ ಜೋಡಿಸುತ್ತಾ ಹೋಗಿ ಆ ರಾಶಿಯನ್ನು ಅಳೆಯುವುದು ಸುಲಭ. ನನ್ನ ಬೈಕಿನಲ್ಲಿ ಈ ಅಂತರ 7 ಸೆಂ.ಮೀ. ಇತ್ತು. ಮುಂದಿನ ಎಲ್ಲ ಕೆಲಸವೂ ಈ ಸಂಖ್ಯೆಯನ್ನು ಇಳಿಸುವುದಕ್ಕೇ.

ಹಿಂದಿನ ಸ್ಪ್ರಿಂಗಿನ ಪ್ರೀಲೋಡ್

ನಮ್ಮಲ್ಲಿ ಮಾರುವ ಬೈಕುಗಳ ಹಿಂದಿನ ಸ್ಪ್ರಿಂಗುಗಳು ಇಬ್ಬರ ಭಾರವನ್ನು ಹೊರಬೇಕು. ಐವತ್ತು ಚಿಲ್ಲರೆ ಕೆ.ಜಿ. ತೂಗುವ ಒಬ್ಬರೇ ಕುಳಿತರೆ ಅವು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಕುಳ್ಳಗಿರುವವರು ಹಗುರವಾಗಿಯೂ ಇದ್ದರೆ ಎರಡು ಕಡೆಯಿಂದ ನಷ್ಟ: ಕಾಲೂ ಗಿಡ್ಡ, ಬೈಕೂ ತಗ್ಗುವುದಿಲ್ಲ.

ಕ್ಲಾಸಿಕ್ 350ರ ಎರಡು ಹಿಂದಿನ ಶಾಕ್‌ಗಳಲ್ಲಿ ಆರು ಹಂತಗಳ ಪ್ರೀಲೋಡ್ ಹೊಂದಾಣಿಕೆ ಇದೆ. ಯಾರೂ ಕೂರುವ ಮೊದಲೇ ಸ್ಪ್ರಿಂಗನ್ನು ಎಷ್ಟು ಅದುಮಿಟ್ಟಿದೆ ಎಂಬುದೇ ಪ್ರೀಲೋಡ್. ಹೊಂದಿಸುವ ಮೊದಲು ಈಗ ಎಷ್ಟು ಇಳಿಯುತ್ತಿದೆ ಎಂದು ಅಳೆಯಿರಿ. ಬೈಕನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ಪೂರ್ತಿ ತೂಗಾಡುವಂತೆ ಮಾಡಿ. ಚಕ್ರದ ಆಕ್ಸಲ್‌ನ ಮಧ್ಯದಿಂದ ನೇರ ಮೇಲಿರುವ, ಚಾಸಿಗೆ ಬಿಗಿದಿರುವ ಒಂದು ಜಾಗಕ್ಕೆ ಟೇಪು ಅಂಟಿಸಿ ಗುರುತು ಹಾಕಿ, ಅಂತರವನ್ನು ಅಳೆಯಿರಿ. ಆಮೇಲೆ ಸ್ಟ್ಯಾಂಡಿನಿಂದ ಇಳಿಸಿ, ನೀವು ಹೆಲ್ಮೆಟ್, ಬೂಟು, ಚೀಲ ಸಮೇತ ಕುಳಿತು, ಒಂದೆರಡು ಸಲ ಮೇಲೆ ಕೆಳಗೆ ಅದುಮಿ ಬಿಟ್ಟು, ಅದೇ ಅಂತರವನ್ನು ಮತ್ತೆ ಅಳೆಸಿ. ಎರಡರ ವ್ಯತ್ಯಾಸವೇ ಸವಾರರ ಭಾರಕ್ಕೆ ಬೈಕು ಕುಸಿಯುವ ಪ್ರಮಾಣ. ಸಾಮಾನ್ಯ ರಸ್ತೆ ಬೈಕಿಗೆ ಇದು ಹಿಂದಿನ ಚಕ್ರ ಮೇಲೆ ಕೆಳಗೆ ಚಲಿಸುವ ಒಟ್ಟು ದೂರದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟಿರಬೇಕು ಎಂಬುದು ರೂಢಿಯ ಲೆಕ್ಕ. ನಾನು ಅಳೆದಾಗ ಬಂದದ್ದು 14 ಮಿ.ಮೀ. ಮಾತ್ರ, ಏಕೆಂದರೆ ಶಾಕ್ ನಾಲ್ಕನೆಯ ಹಂತದಲ್ಲಿತ್ತು.

ಹೊಂದಿಸುವುದಕ್ಕೆ ಹುಕ್ ಸ್ಪಾನರ್ ಬೇಕು. ಸ್ಪ್ರಿಂಗಿನ ತುದಿಯಲ್ಲಿರುವ ಮೆಟ್ಟಿಲು ಕೆತ್ತಿದ ಉಂಗುರವನ್ನು ಅದರಿಂದ ಹಿಡಿದು ಒಂದೊಂದೇ ಮೆಟ್ಟಿಲು ತಿರುಗಿಸಿ. ಸ್ಕ್ರೂ ಡ್ರೈವರ್ ಮತ್ತು ಸುತ್ತಿಗೆಯಿಂದ ಹೊಡೆದು ತಿರುಗಿಸುವ ಅಭ್ಯಾಸ ಅನೇಕ ಗ್ಯಾರೇಜುಗಳಲ್ಲಿದೆ; ಅದು ಉಂಗುರದ ಹಲ್ಲನ್ನು ಮುರಿಯುತ್ತದೆ, ಜಾರಿದರೆ ಕೈಯನ್ನೂ. ಎಡ ಮತ್ತು ಬಲ ಶಾಕ್‌ಗಳು ಒಂದೇ ಹಂತದಲ್ಲಿರಲೇಬೇಕು. ಅತ್ಯಂತ ಸಡಿಲ ಹಂತಕ್ಕೆ ತಂದಾಗ ನನ್ನ ಭಾರಕ್ಕೆ ಕುಸಿತ 24 ಮಿ.ಮೀ. ಆಯಿತು, ಅಂದರೆ ಬಿಡಿಗಾಸು ಖರ್ಚಿಲ್ಲದೆ ಸೀಟು ಸುಮಾರು ಒಂದು ಸೆಂ.ಮೀ. ಇಳಿಯಿತು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಬೇಕು. ಪ್ರೀಲೋಡ್ ಇಳಿಸಿದರೆ ಸ್ಪ್ರಿಂಗು ಮೆತ್ತಗಾಗುವುದಿಲ್ಲ. ಅದು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಆದ್ದರಿಂದ ನಿಮ್ಮ ಭಾರಕ್ಕೆ ತಕ್ಕ ಕುಸಿತ ಬರುವವರೆಗೆ ಇಳಿಸುವುದು ಸರಿಪಡಿಸುವಿಕೆಯೇ ಹೊರತು ರಾಜಿಯಲ್ಲ. ಹಂಪ್ಸ್ ಹಾರಿಸಿದಾಗ ಹಿಂಭಾಗ ಧಡ್ಡೆಂದು ತಳಕ್ಕೆ ಬಡಿದರೆ ಒಂದು ಹಂತ ಮೇಲಕ್ಕೆ ತನ್ನಿ. ಹಿಂಭಾಗ ಇಳಿದಾಗ ಹೆಡ್‌ಲೈಟಿನ ಬೆಳಕು ಮೇಲಕ್ಕೇಳುವುದರಿಂದ, ರಾತ್ರಿ ಒಂದು ಗೋಡೆಯ ಮುಂದೆ ನಿಲ್ಲಿಸಿ ಅದನ್ನೂ ಸರಿ ಮಾಡಿಕೊಳ್ಳಿ.

ಸೀಟು

ಹೆಚ್ಚಿನ ಲಾಭ ಇರುವುದೂ, ಹೆಚ್ಚಿನ ಜನ ಕೆಡಿಸಿಕೊಳ್ಳುವುದೂ ಇಲ್ಲೇ. ಮೊದಲು ನಿಮ್ಮ ಮಾದರಿಗೆ ಕಂಪನಿಯೇ ತಗ್ಗಿನ ಸೀಟು ಮಾರುತ್ತದೆಯೇ ಎಂದು ವಿಚಾರಿಸಿ. ಹಿಮಾಲಯನ್ 450ರ ಸವಾರರ ಸೀಟನ್ನು 825 ಮತ್ತು 845 ಮಿ.ಮೀ. ಎಂಬ ಎರಡು ಎತ್ತರಗಳಲ್ಲಿ ಕೂರಿಸಬಹುದು. ಎಷ್ಟೋ ಜನ ಮೇಲಿನ ಎತ್ತರದಲ್ಲೇ ಕುಳಿತು ಒದ್ದಾಡುತ್ತಿರುತ್ತಾರೆ. ಅದಕ್ಕೆ ಇನ್ನೂ ತಗ್ಗಿನ ಸೀಟು ಬಿಡಿಭಾಗವಾಗಿಯೂ ಸಿಗುತ್ತದೆ. ಇಂಥ ಸೌಲಭ್ಯ ಇಲ್ಲದಿದ್ದರೆ ಮಾತ್ರ ಸ್ಪಂಜು ಕೆತ್ತಿಸುವ ಕೆಲಸಕ್ಕೆ ಇಳಿಯಿರಿ.

ಸಾಧ್ಯವಿದ್ದರೆ ಹಳೆಯದೊಂದು ಸೀಟನ್ನು ಕೊಂಡು ಅದರ ಮೇಲೆ ಪ್ರಯೋಗ ಮಾಡಿ, ಮೂಲ ಸೀಟನ್ನು ಎತ್ತಿಡಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿವೆ. ಬೇರೆ ಊರುಗಳಲ್ಲಿಯೂ ಬೈಕ್ ಸೀಟು, ಕುಷನ್ ಕೆಲಸ ಮಾಡುವವರು ಒಬ್ಬರಾದರೂ ಇರುತ್ತಾರೆ. ಅವರಲ್ಲಿಗೆ ಬೈಕು ಸಮೇತ ಹೋಗಬೇಕು, ಸೀಟನ್ನು ಮಾತ್ರ ಕೊಟ್ಟು ‘ಎರಡು ಇಂಚು ಇಳಿಸಿ’ ಎಂದು ಹೇಳಿ ಬರಬಾರದು. ನಾನು ಮೊದಲ ಸಲ ಹಾಗೆಯೇ ಮಾಡಿದೆ. ಸಂಜೆ ಸಿಕ್ಕಿದ್ದು ತಟ್ಟೆಯಂತೆ ಚಪ್ಪಟೆಯಾಗಿದ್ದ ಸೀಟು. ಕುಳಿತರೆ ತಳದ ಗಟ್ಟಿ ಹಲಗೆ ಮೂಳೆಗೆ ಒತ್ತುತ್ತಿತ್ತು, ಅಗಲವಂತೂ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎತ್ತರ ಎರಡು ಇಂಚು ಹೋಗಿತ್ತು, ಅದರ ಜೊತೆ ನಲವತ್ತು ಕಿ.ಮೀ. ದಾಟಿ ಕುಳಿತುಕೊಳ್ಳುವ ಶಕ್ತಿಯೂ.

ಸರಿಯಾದ ವಿಧಾನ ಹೀಗಿದೆ. ಬೈಕಿನ ಮೇಲೆ ನಿಮ್ಮ ಸಹಜ ಭಂಗಿಯಲ್ಲಿ ಕುಳಿತು, ಕಾಲು ಕೆಳಗೆ ಬಿಟ್ಟಾಗ ಒಳತೊಡೆ ಸೀಟಿನ ಅಂಚನ್ನು ಎಲ್ಲಿ ಒತ್ತುತ್ತದೆ ಎಂದು ಸೀಮೆಸುಣ್ಣದಿಂದ ಎರಡೂ ಬದಿಗೆ ಗೆರೆ ಎಳೆಯಿರಿ. ಕುಳಿತಾಗ ಪೃಷ್ಠದ ಎರಡು ಮೂಳೆಗಳು ತಾಗುವ ಜಾಗವನ್ನೂ ಗುರುತಿಸಿ. ಆಮೇಲೆ ಸೀಟು ಬಿಚ್ಚಿ, ತಳದ ಪಿನ್ನುಗಳನ್ನು ಕಿತ್ತು ರೆಕ್ಸಿನ್ ತೆಗೆಸಿ, ಆ ಗುರುತುಗಳನ್ನು ಸ್ಪಂಜಿನ ಮೇಲೆ ಮಾರ್ಕರಿನಿಂದ ಮೂಡಿಸಿ. ಮೊದಲ ಕತ್ತರಿ ಬೀಳಬೇಕಾದದ್ದು ಅಂಚಿಗೆ, ಮೇಲ್ಮೈಗೆ ಅಲ್ಲ. ಟ್ಯಾಂಕಿಗೆ ಹತ್ತಿರವಿರುವ ಮೂಗಿನ ಭಾಗದ ಎರಡೂ ಅಂಚುಗಳನ್ನು ಓರೆಯಾಗಿ ಕೆತ್ತಿಸಿ ದುಂಡಗೆ ಮಾಡಿಸಿ. ಈ ಹಂತದಲ್ಲಿ ರೆಕ್ಸಿನ್ ಹೊದಿಸದೆಯೇ ಸೀಟನ್ನು ಬೈಕಿಗೆ ಕೂರಿಸಿ, ಹಿಮ್ಮಡಿಯ ಅಂತರವನ್ನು ಮತ್ತೆ ಅಳೆಯಿರಿ. ನನಗೆ ಅಂಚುಗಳಿಂದಲೇ ಒಂದೂವರೆ ಸೆಂ.ಮೀ. ಸಿಕ್ಕಿತು.

ಸಾಲದಿದ್ದರೆ ಮೇಲ್ಮೈಯಿಂದ ಒಂದು ಸಲಕ್ಕೆ ಒಂದು ಸೆಂ.ಮೀ. ಮಾತ್ರ ತೆಗೆಸಿ, ಪ್ರತಿ ಸಲವೂ ಕುಳಿತು ನೋಡಿ. ಮೂಳೆಗಳ ಜಾಗದಲ್ಲಿ ಕನಿಷ್ಠ 4 ಸೆಂ.ಮೀ. ದಪ್ಪ ಉಳಿಯಬೇಕು ಎಂಬುದು ನನ್ನ ಅನುಭವದ ಮಿತಿ. ಅದಕ್ಕಿಂತ ತೆಳುವಾಗಬೇಕಾದ ಪ್ರಸಂಗ ಬಂದರೆ ಅಲ್ಲಿನ ಮೆತ್ತನೆಯ ಸ್ಪಂಜನ್ನು ಕತ್ತರಿಸಿ ತೆಗೆದು, ಹೆಚ್ಚು ಸಾಂದ್ರತೆಯ ಗಟ್ಟಿ ಫೋಮನ್ನು ಅಂಟಿಸಲು ಹೇಳಿ. ಕೈಗೆ ಮೆತ್ತಗೆನಿಸುವ ಸ್ಪಂಜು ಅರ್ಧ ಗಂಟೆಯಲ್ಲಿ ತಳ ಕಾಣಿಸುತ್ತದೆ, ಗಟ್ಟಿ ಎನಿಸುವುದೇ ದೂರದ ದಾರಿಗೆ ಬಾಳುತ್ತದೆ.

ಇಳಿಜಾರಿನ ಬಗ್ಗೆ ಎಚ್ಚರವಿರಲಿ. ಮುಂಭಾಗವನ್ನು ಮಾತ್ರ ತಗ್ಗಿಸಿದರೆ ಪ್ರತಿ ಬ್ರೇಕಿಗೂ ಟ್ಯಾಂಕಿನತ್ತ ಜಾರುತ್ತೀರಿ, ಆ ಜಾರುವಿಕೆಯನ್ನು ತಡೆಯುವ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಸೀಟಿನ ಮೇಲೆ ಮರಗೆಲಸದವರ ರಸಮಟ್ಟವನ್ನಿಟ್ಟು, ಮೂಳೆ ಕೂರುವ ಭಾಗವಾದರೂ ಮಟ್ಟವಾಗಿದೆಯೇ ನೋಡಿಕೊಳ್ಳಿ. ಕೊನೆಯಲ್ಲಿ ರೆಕ್ಸಿನ್ ಹೊದಿಸುವಾಗ, ಹೊಲಿಗೆ ಒಳತೊಡೆಯ ಕೆಳಗೆ ಬಾರದಂತೆ ಹೇಳಿ, ಸ್ಪಂಜಿಗೂ ರೆಕ್ಸಿನ್‌ಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿಸಿ. ಮಲೆನಾಡಿನ ಮಳೆಯಲ್ಲಿ ಹೊಲಿಗೆಯ ತೂತಿನಿಂದ ನೀರು ಕುಡಿದ ಸೀಟು ಒಣಗಲು ವಾರ ಬೇಕು, ಅಷ್ಟೂ ದಿನ ನಿಮ್ಮ ಪ್ಯಾಂಟೇ ಅದನ್ನು ಹೀರುತ್ತಿರುತ್ತದೆ.

ಕೈ ಮತ್ತು ಪಾದಗಳ ಹೊಂದಾಣಿಕೆ

ಲಿವರ್‌ಗಳ ಹೊಂದಾಣಿಕೆ ಸುಲಭವೆಂದು ಅನೇಕರು ಅದರಿಂದಲೇ ಆರಂಭಿಸುತ್ತಾರೆ. ಸೀಟು ಇಳಿದ ಮೇಲೆ ಹ್ಯಾಂಡಲ್ ನಿಮಗೆ ಹೋಲಿಸಿದರೆ ಎತ್ತರವಾಗುತ್ತದೆ, ಮೊಣಕಾಲು ಹೆಚ್ಚು ಮಡಿಯುತ್ತದೆ. ಹಾಗಾಗಿ ಮೊದಲು ಮಾಡಿದ್ದನ್ನು ಎರಡನೆಯ ಸಲ ಮಾಡಬೇಕಾಗುತ್ತದೆ. ಸೀಟು ಮುಗಿದ ಮೇಲೆ ಇದಕ್ಕೆ ಬರುವುದು ಒಳ್ಳೆಯದು.

ಕುಳಿತು, ಮೊಣಕೈ ಸ್ವಲ್ಪ ಮಡಿಸಿ, ಭುಜ ಸಡಿಲಿಸಿ ಹ್ಯಾಂಡಲ್ ಹಿಡಿಯಿರಿ. ಕೈ ಪೂರ್ತಿ ಚಾಚಬೇಕಾಗಿ ಬಂದರೆ ಹ್ಯಾಂಡಲನ್ನು ನಿಮ್ಮತ್ತ ಸ್ವಲ್ಪ ತಿರುಗಿಸಬೇಕು. ಈಗಿರುವ ಜಾಗವನ್ನು ಮಾರ್ಕರಿನಿಂದ ಗುರುತು ಮಾಡಿ, ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಕೆಲವೇ ಡಿಗ್ರಿ ತಿರುಗಿಸಿ, ಮಾಲೀಕರ ಕೈಪಿಡಿಯಲ್ಲಿರುವ ಕ್ರಮದಲ್ಲಿ, ಅಲ್ಲಿ ಹೇಳಿರುವ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆಗೆ) ಬಿಗಿಯಿರಿ. ಆಮೇಲೆ ಎಂಜಿನ್ ನ್ಯೂಟ್ರಲ್‌ನಲ್ಲಿ ಓಡುತ್ತಿರುವಾಗ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ ನೋಡಿ. ಕೇಬಲ್ ಅಥವಾ ಬ್ರೇಕ್ ಹೋಸ್ ಎಳೆದುಕೊಳ್ಳಬಾರದು, ಲಿವರ್ ಟ್ಯಾಂಕಿಗೆ ತಾಗಬಾರದು, ಎಂಜಿನ್ನಿನ ಸದ್ದು ಏರಬಾರದು. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದರ್ಥ, ಹಾಗೆಯೇ ರಸ್ತೆಗಿಳಿದರೆ ಯೂ ಟರ್ನ್ ಮಧ್ಯದಲ್ಲಿ ಬೈಕು ತಾನಾಗಿ ಮುನ್ನುಗ್ಗುತ್ತದೆ.

ಲಿವರ್‌ಗಳ ಕೋನ: ಕಣ್ಣು ಮುಚ್ಚಿ ಹಿಡಿಕೆ ಹಿಡಿದು ಬೆರಳುಗಳನ್ನು ಚಾಚಿದಾಗ, ಮುಂಗೈಯಿಂದ ಬೆರಳಿನವರೆಗೆ ಒಂದೇ ನೇರ ರೇಖೆ ಇರಬೇಕು ಮತ್ತು ಬೆರಳು ಲಿವರಿನ ಮೇಲೆಯೇ ಬೀಳಬೇಕು. ಬೆರಳಿನ ತುದಿಗೆಣ್ಣಷ್ಟೇ ಲಿವರಿಗೆ ಎಟುಕುತ್ತಿದ್ದರೆ, ದೂರ ಹೊಂದಿಸಬಹುದಾದ ಲಿವರ್ ಹಾಕಿಸಬಹುದು. ಕೆಲವು ಮಾದರಿಗಳಲ್ಲಿ ಕಂಪನಿಯೇ ಕೊಟ್ಟಿರುತ್ತದೆ. ಬ್ರೇಕ್ ಲಿವರಿನಲ್ಲಿ ಅಗ್ಗದ ನಕಲಿ ಮಾಲು ಬೇಡವೇ ಬೇಡ. ಅದರ ಆಕಾರ ಒಂದು ಕೂದಲೆಳೆ ತಪ್ಪಿದ್ದರೂ ಬ್ರೇಕಿನ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಸದಾ ಒತ್ತಿಹಿಡಿದು, ಮುಂದಿನ ಬ್ರೇಕು ಬಿಸಿಯಾಗಿ ಕಚ್ಚಿಕೊಳ್ಳಬಹುದು. ಕ್ಲಚ್ಚಿಗೆ ಇನ್ನೊಂದು ಉಪಾಯವಿದೆ: ಕೈಪಿಡಿ ಹೇಳುವ ಸಡಿಲಿಕೆಯ ಮಿತಿಯೊಳಗೇ ಕೇಬಲನ್ನು ಸಡಿಲದ ಕಡೆಗಿಟ್ಟರೆ, ಕ್ಲಚ್ ಹಿಡಿಯುವ ಬಿಂದು ಹಿಡಿಕೆಗೆ ಹತ್ತಿರ ಬರುತ್ತದೆ, ಚಿಕ್ಕ ಕೈಗೆ ಅನುಕೂಲ. ಮಿತಿ ಮೀರಿದರೆ ನ್ಯೂಟ್ರಲ್ ಸಿಗದೆ ಸತಾಯಿಸುತ್ತದೆ.

ಪಾದವನ್ನು ಫುಟ್‌ರೆಸ್ಟಿನ ಮೇಲಿಟ್ಟಾಗ ಬ್ರೇಕ್ ಪೆಡಲ್ ಬೂಟಿನ ತಳದ ಕೆಳಗೆ ಇರಬೇಕು. ಅದನ್ನು ತಲುಪಲು ಹಿಮ್ಮಡಿ ಎತ್ತಬೇಕಾಗಬಾರದು. ಪೆಡಲಿನ ಎತ್ತರ ಬದಲಿಸಿದಾಗ ಬ್ರೇಕ್ ಲೈಟಿನ ಸ್ವಿಚ್ಚನ್ನೂ ಮರೆಯದೆ ಹೊಂದಿಸಿ, ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಸರಾಗವಾಗಿ ತಿರುಗುತ್ತದೆಯೇ ಪರೀಕ್ಷಿಸಿ. ಗೇರ್ ಲಿವರ್ ಎಟುಕದಿದ್ದರೆ ಅದರ ಬೋಲ್ಟು ಬಿಚ್ಚಿ, ಅದು ಕೂರುವ ದಂಡದ ಹಲ್ಲುಗಳ ಮೇಲೆ ಒಂದೇ ಒಂದು ಹಲ್ಲು ತಿರುಗಿಸಿ ಕೂರಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಬೂಟು: ಕಣಕಾಲು ಮುಚ್ಚುವ, ತಳ ದಪ್ಪವಿರುವ, ತಿರುಚಿದರೆ ಮಣಿಯದ ಬೂಟು. ಹೈ ಹೀಲ್ ಅಲ್ಲ.

ಶಾಕ್ ಇಳಿಸುವುದು, ಕೊನೆಗೆ

ಇಷ್ಟಾದ ಮೇಲೂ ಸಾಲದು ಎಂದಾದರೆ ಮಾತ್ರ ಇದರ ಮಾತು. ಹಿಂಭಾಗಕ್ಕೆ ಗಿಡ್ಡ ಶಾಕ್ ಅಥವಾ, ಹಿಂದೆ ಒಂದೇ ಶಾಕ್ ಇರುವ ಮೊನೊಶಾಕ್ ಬೈಕುಗಳಲ್ಲಿ, ಶಾಕನ್ನು ಜೋಡಿಸುವ ಲಿಂಕ್ ಪಟ್ಟಿಯನ್ನು ಬೇರೆ ಅಳತೆಯದು ಹಾಕುತ್ತಾರೆ, ಮುಂಭಾಗದಲ್ಲಿ ಫೋರ್ಕ್ ಕೊಳವೆಗಳನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸುತ್ತಾರೆ. ಹಿಂಭಾಗವನ್ನಷ್ಟೇ ಇಳಿಸಿದರೆ ಮುಂದಿನ ಫೋರ್ಕಿನ ಕೋನ ಒರಗಿಕೊಂಡು ತಿರುವುಗಳಲ್ಲಿ ಹ್ಯಾಂಡಲ್ ಭಾರವಾಗುತ್ತದೆ. ಮುಂಭಾಗವನ್ನಷ್ಟೇ ಇಳಿಸಿದರೆ ವೇಗದಲ್ಲಿ ಬೈಕು ಚಂಚಲವಾಗುತ್ತದೆ. ಎರಡೂ ಒಟ್ಟಿಗೆ, ಅಳೆದು ಇಳಿಯಬೇಕು. ಹಾಗೆ ಇಳಿದ ಪ್ರತಿ ಮಿ.ಮೀ. ಕ್ಲಾಸಿಕ್‌ಗಿರುವ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನಿಂದ (ಬೈಕಿನ ತಳಕ್ಕೂ ನೆಲಕ್ಕೂ ಇರುವ ಅಂತರದಿಂದ) ಕಳೆಯುತ್ತದೆ, ನಮ್ಮ ಊರುಗಳ ಹಂಪ್ಸ್‌ಗಳೋ ಅಳತೆಯಿಲ್ಲದವು. ಸೈಡ್ ಸ್ಟ್ಯಾಂಡ್ ಈಗ ಉದ್ದವೆನಿಸಿ ಬೈಕು ಬಹುತೇಕ ನೆಟ್ಟಗೆ ನಿಲ್ಲುತ್ತದೆ. ಯಾರೋ ಬಲಕ್ಕೆ ತಳ್ಳಿದರೂ ಸಾಕು, ಮಗುಚಿಕೊಳ್ಳುತ್ತದೆ. ಚೈನಿನ ಸಡಿಲಿಕೆಯನ್ನೂ ಮತ್ತೆ ನೋಡಬೇಕು. ಶಾಕಿನ ಸ್ಪ್ರಿಂಗ್ ಕತ್ತರಿಸಿ ಕೊಡುತ್ತೇವೆ ಎನ್ನುವವರ ಅಂಗಡಿಯಿಂದ ಮಾತ್ರ ಎದ್ದು ಬನ್ನಿ.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಸ್ಪಂಜು ಕೆತ್ತುವುದರಿಂದ ಆ ವಿವರಗಳು ಬದಲಾಗುವುದಿಲ್ಲ; ಚಾಸಿ ಕತ್ತರಿಸಿ ಬೆಸುಗೆ ಹಾಕಿಸುವುದು, ಹಿಂದಿನ ಸೀಟನ್ನು ಕಾಯಂ ಆಗಿ ತೆಗೆಸುವುದು ಬೇರೆ ವಿಷಯ. ಸೀಟಿನ ಕೆಲಸದ ನೆಪದಲ್ಲಿ ಹಿಂಬದಿಯವರ ಹಿಡಿಕೆಯನ್ನಾಗಲಿ, ಸೀರೆ ಗಾರ್ಡನ್ನಾಗಲಿ ತೆಗೆಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಅವೆರಡನ್ನೂ ಕಡ್ಡಾಯ ಮಾಡಿದೆ.

ನಿಲ್ಲುವುದು, ಹೊರಡುವುದು

ರಸ್ತೆಯ ನಡು ಎತ್ತರ, ಅಂಚು ತಗ್ಗು. ನಾವು ಎಡಕ್ಕೆ ಚಲಿಸುವವರಾದ್ದರಿಂದ, ರಸ್ತೆಯ ಎಡ ಅಂಚಿಗೆ ಹೋಗಿ ನಿಂತಾಗ ಎಡಗಾಲಿನ ಕೆಳಗಿನ ನೆಲ ಇನ್ನಷ್ಟು ದೂರವಾಗಿರುತ್ತದೆ. ನಾನು ಬೈಕು ಕೆಡವಿದ ಎರಡು ಸಲವೂ ಹೀಗೆಯೇ ಆಯಿತು. ಡಾಂಬರಿನ ಅಂಚಿಗಿಂತ ಒಂದೆರಡು ಅಡಿ ಒಳಗೇ, ಸಮತಟ್ಟಾದ ಜಾಗ ನೋಡಿ ನಿಲ್ಲಿ. ವೇಗ ಇಳಿಯುತ್ತಿರುವಾಗಲೇ ಸೊಂಟವನ್ನು ಎಡಕ್ಕೆ ಒಂದು ಅಂಗೈಯಷ್ಟು ಜರುಗಿಸಿ. ಎಡಗಾಲು ನೇರವಾಗಿ ಇಳಿಯುತ್ತದೆ, ಬಲಪಾದ ಬ್ರೇಕಿನಿಂದ ಏಳುವುದಿಲ್ಲ. ಕೊನೆಯ ಕ್ಷಣದಲ್ಲಿ ಹ್ಯಾಂಡಲ್ ನೇರವಾಗಿರಲಿ, ಮುಂದಿನ ಬ್ರೇಕನ್ನು ಬಿಟ್ಟು ಹಿಂದಿನದರಲ್ಲಿ ನಿಲ್ಲಿಸಿ. ಆಗುಂಬೆ, ಚಾರ್ಮಾಡಿಯಂತಹ ಘಾಟಿಯ ಏರಿನಲ್ಲಿ ನಿಲ್ಲಬೇಕಾಗಿ ಬಂದರೂ ಇದೇ ಕ್ರಮ: ಹಿಂದಿನ ಬ್ರೇಕಿನಲ್ಲಿ ಹಿಡಿದು, ಕ್ಲಚ್ ಕಚ್ಚಿದ ಮೇಲೆ ಬ್ರೇಕ್ ಬಿಡುವುದು. ಅದನ್ನು ಮೊದಲು ಊರಿನ ಖಾಲಿ ಏರೊಂದರಲ್ಲಿ ಅಭ್ಯಾಸ ಮಾಡಿಕೊಳ್ಳಿ.

ನಿಲ್ಲಿಸುವಾಗ ಮುಂದಿನ ಚಕ್ರವನ್ನು ಇಳಿಜಾರಿಗೆ ಮುಖ ಮಾಡಿ ತೂರಿಸಬೇಡಿ. ಬೆರಳ ತುದಿಯಲ್ಲಿ ಕುಳಿತು 195 ಕೆ.ಜಿ.ಯನ್ನು ಹಿಂದಕ್ಕೆ ಏರಿಸಲು ಆಗುವುದಿಲ್ಲ. ಬೈಕಿನಿಂದ ಇಳಿದು, ಎಡಬದಿಯಲ್ಲಿ ನಿಂತು, ಬೈಕನ್ನು ಸೊಂಟಕ್ಕೆ ಒರಗಿಸಿಕೊಂಡು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಮೊದಲ ನೂರು ಕಿ.ಮೀ. ಆದ ಮೇಲೆ ಬಿಚ್ಚಿ ಹಾಕಿದ ಎಲ್ಲ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ. ಹೊಸ ಫೋಮು ಕೆಲವು ವಾರಗಳಲ್ಲಿ ಇನ್ನೂ ಸ್ವಲ್ಪ ಕೂರುತ್ತದೆ; ಆಗ ಹಿಮ್ಮಡಿಯ ಅಂತರವನ್ನೂ ಲಿವರ್‌ಗಳ ಕೋನವನ್ನೂ ಮತ್ತೊಮ್ಮೆ ನೋಡಿಕೊಳ್ಳಿ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ದೂರ ಹೋಗುವ ದಿನ ಪ್ರೀಲೋಡನ್ನು ಮೇಲಿನ ಹಂತಕ್ಕೆ ಏರಿಸಬೇಕು. ಅವರು ಹತ್ತುವುದೂ ಇಳಿಯುವುದೂ ನಿಮ್ಮ ಕಾಲು ಊರಿ, ನೀವು ‘ಹೂಂ’ ಅಂದ ಮೇಲೆಯೇ ಆಗಲಿ. ಒಬ್ಬರೇ ಮರಳುವುದಿದ್ದರೆ ಪ್ರೀಲೋಡನ್ನು ಮತ್ತೆ ಇಳಿಸಬೇಕಾಗುತ್ತದೆ, ಆದ್ದರಿಂದ ಹುಕ್ ಸ್ಪಾನರನ್ನು ಮನೆಯಲ್ಲಿ ಬಿಡದೆ ಬೈಕಿನ ಟೂಲ್ ಕಿಟ್ಟಿನಲ್ಲೇ ಇಟ್ಟುಕೊಳ್ಳಿ.